ಐದರಿಂದ ಎಂಟಕ್ಕೆ ಎಷ್ಟು ಹೆಜ್ಜೆ?

"ಕೈ ಕಟ್ಟು, ಬಾಯಿ ಮುಚ್ಚು." ನಮ್ಮಲ್ಲಿ ತುಂಬಾ ಜನ ಶಾಲೆಯಲ್ಲಿ ಮೊದಲು ಕಲಿತ ಪಾಠ ಇದೇ ಅಲ್ವಾ? ಮೈ ಅಲ್ಲಾಡದಿದ್ದರೆ ಮನಸ್ಸು ನಿಲ್ಲುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ನಾಲ್ಕೈದು ವರ್ಷದ ಮಕ್ಕಳ ಮಟ್ಟಿಗೆ ಈ ನಂಬಿಕೆ ಹೆಚ್ಚುಕಡಿಮೆ ತಲೆಕೆಳಗಾಗಿದೆ.

ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಪ್ರಯೋಗ ನನಗೆ ತುಂಬಾ ಇಷ್ಟ. ಶಿಶುವಿಹಾರದ ಮಕ್ಕಳನ್ನು ಡ್ಯಾನ್ಸ್ ಮ್ಯಾಟ್ ಮೇಲೆ, ಅಂದರೆ ಎಲ್ಲಿ ಕಾಲಿಟ್ಟರು ಎಂದು ಗುರುತಿಸುವ ಹಾಸಿನ ಮೇಲೆ ನಿಲ್ಲಿಸಿದರು. ಎದುರಿಗೆ ಒಂದು ಸಂಖ್ಯೆ, ಆಮೇಲೆ ಇನ್ನೊಂದು. ಎರಡನೆಯದು ಸಣ್ಣದಾದರೆ ಎಡಕ್ಕೆ ಕಾಲಿಡಬೇಕು, ದೊಡ್ಡದಾದರೆ ಬಲಕ್ಕೆ. ಹೋಲಿಕೆಗೆ, ಅದೇ ಥರದ ಪ್ರಶ್ನೆಗಳಿಗೆ ಟ್ಯಾಬ್ಲೆಟ್ ಮೇಲೆ ಉತ್ತರ ಕೊಡುವ ಅಭ್ಯಾಸವೂ ಇತ್ತು. ಕೊನೆಗೆ ಸಣ್ಣ ಸಂಖ್ಯೆಯಿಂದ ದೊಡ್ಡ ಸಂಖ್ಯೆವರೆಗಿನ ಒಂದು ಗೀಟು ತೋರಿಸಿ, ಈ ಸಂಖ್ಯೆ ಇದರಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿದರು. ಅದಕ್ಕೆ ಮ್ಯಾಟ್ ಮೇಲಿನ ಅಭ್ಯಾಸವೇ ಜಾಸ್ತಿ ನೆರವಾಗಿತ್ತು.

ಮಗು "ಒಂದು, ಎರಡು, ಮೂರು" ಎಂದು ಒಪ್ಪಿಸುವಾಗ ಅದಕ್ಕೆ ಅದೊಂದು ಪದ್ಯ, ಅಷ್ಟೇ. ಐದರಿಂದ ಎಂಟು ಎಷ್ಟು ಆಚೆ ಇದೆ ಎಂಬುದು ಆ ಪದ್ಯದಲ್ಲಿ ಇಲ್ಲ. ಅಂಗಳದಲ್ಲಿ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ಐದರಿಂದ ಎಂಟಕ್ಕೆ ಜಿಗಿಸಿ ನೋಡಿ. 'ಮೂರು' ಅದರ ಕಾಲಿಗೆ ಸಿಗುತ್ತದೆ. ಕುಂಟೆಬಿಲ್ಲೆ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಸುಮ್ನೆ ಕುಣಿಸಿದರೆ ಪಾಠ ತಲೆಗೆ ಹೋಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಶಾಲೆಗೆ ಇನ್ನೂ ಸೇರದ ಮಕ್ಕಳಿಗೆ ಇಟಾಲಿಯನ್ ಪದಗಳನ್ನು ಕಲಿಸಿದ ಅಧ್ಯಯನವೊಂದು 2015ರಲ್ಲಿ ಬಂತು. ಕೆಲವರು ಪದದ ಅರ್ಥವನ್ನು ಇಡೀ ಮೈಯಿಂದ ಅಭಿನಯಿಸಿದರು. ಕೆಲವರು ಪದಕ್ಕೆ ಸಂಬಂಧವೇ ಇಲ್ಲದ ವ್ಯಾಯಾಮ ಮಾಡಿದರು. ಇನ್ನು ಕೆಲವರು ಕೂತೇ ಕಲಿತರು. ಪದಗಳು ಹೆಚ್ಚು ನೆನಪಿದ್ದದ್ದು ಅಭಿನಯಿಸಿದವರಿಗೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ: ಮಾಡುವ ಚಲನೆಗೂ ಕಲಿಯುವ ವಿಷಯಕ್ಕೂ ನಂಟಿರಬೇಕು.

'ಬ್ರೇನ್ ಜಿಮ್' ಹೆಸರಿನ ಕಸರತ್ತುಗಳ ಬಗ್ಗೆ ನನಗೆ ತಕರಾರಿರುವುದೂ ಇದಕ್ಕೇ. ಪಾಲ್ ಡೆನಿಸನ್ ಮತ್ತು ಗೇಲ್ ಡೆನಿಸನ್ ದಂಪತಿ ಅಮೆರಿಕದಲ್ಲಿ ಶುರುಮಾಡಿದ್ದು ಇದು. ಬಲ ಮೊಣಕೈಯನ್ನು ಎಡ ಮೊಣಕಾಲಿಗೆ ತಾಗಿಸಿದರೆ ಮಿದುಳಿನ ಎರಡು ಹೋಳುಗಳು ಕೂಡಿ ಕೆಲಸ ಮಾಡುತ್ತವೆ ಎನ್ನುತ್ತಾರೆ. ಆ ಎರಡು ಹೋಳುಗಳನ್ನು ಸುಮಾರು 20 ಕೋಟಿ ನರತಂತುಗಳು ಆಗಲೇ ಬೆಸೆದಿವೆ! ಆ ಕಸರತ್ತಿನಿಂದ ಮೈ ಚುರುಕಾಗಬಹುದು, ಮಕ್ಕಳಿಗೆ ಖುಷಿಯೂ ಆಗಬಹುದು. ಓದು ಸುಧಾರಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಓಟ, ಜಿಗಿತ, ಆಟ ಹೇಗಿದ್ದರೂ ಬೇಕೇ ಬೇಕು. ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 3 ಗಂಟೆ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಪಿ.ಟಿ. ಪೀರಿಯಡ್ಡನ್ನು ಲೆಕ್ಕದ ಪಾಠಕ್ಕೆ ಕಿತ್ತುಕೊಳ್ಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನೆದರ್ಲೆಂಡ್ಸ್‌ನಲ್ಲಿ ಸ್ವಲ್ಪ ದೊಡ್ಡ ಮಕ್ಕಳೊಂದಿಗೆ ಎರಡು ವರ್ಷ ಪ್ರಯೋಗ ನಡೆಯಿತು. ಲೆಕ್ಕದ ಉತ್ತರವನ್ನು ಜಿಗಿದು ಹೇಳಬೇಕು, ಪದದ ಒಂದೊಂದು ಅಕ್ಷರಕ್ಕೂ ಒಂದು ಜಿಗಿತ. ವಾರಕ್ಕೆ ಮೂರು ಪಾಠ. 2016ರಲ್ಲಿ ಫಲಿತಾಂಶ ಬಂದಾಗ ಲೆಕ್ಕ ಮತ್ತು ಸ್ಪೆಲ್ಲಿಂಗ್‌ನಲ್ಲಿ ಈ ಮಕ್ಕಳು ಮುಂದಿದ್ದರು. ಓದಿನಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ.

ಅಕ್ಷರ ಗುರುತಿಸುವುದಕ್ಕೆ ಕಾಲಿಗಿಂತ ಕೈಯ ನೆರವು ದೊಡ್ಡದಿರಬೇಕು. ಅಮೆರಿಕದ ಇಂಡಿಯಾನಾದಲ್ಲಿ ಸಂಶೋಧಕಿ ಕರಿನ್ ಜೇಮ್ಸ್ ಇನ್ನೂ ಓದು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಮೂರು ಬಗೆಯಲ್ಲಿ ಕಲಿಸಿದರು: ಸ್ವಂತವಾಗಿ ಬರೆಯುವುದು, ಗೆರೆಯ ಮೇಲೆ ತಿದ್ದುವುದು, ಟೈಪ್ ಮಾಡುವುದು. ಆಮೇಲೆ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಆ ಅಕ್ಷರಗಳನ್ನು ತೋರಿಸಿದರು. ಓದುವಾಗ ಕೆಲಸ ಮಾಡುವ ಮಿದುಳಿನ ಭಾಗಗಳು ಎದ್ದು ಕಂಡದ್ದು, ಸ್ವಂತವಾಗಿ ಬರೆದು ಕಲಿತ ಅಕ್ಷರಗಳಿಗೆ. ಸೊಟ್ಟಗೆ ಬರೆದದ್ದೂ ವ್ಯರ್ಥವಲ್ಲ. ಪ್ರತಿ ಸಲ ಬೇರೆ ಬೇರೆ ಥರ ಬರೆದೇ, ಅಕ್ಷರದಲ್ಲಿ ಯಾವುದು ಮುಖ್ಯ ಎಂದು ಮಗುವಿಗೆ ಗೊತ್ತಾಗುತ್ತದೆ ಎಂಬುದು ಅವರ ವಿವರಣೆ.

'ವ' ಮತ್ತು 'ಮ' ಅದಲುಬದಲು ಮಾಡುವ ಮಗು ಮನೆಯಲ್ಲಿದ್ದರೆ, ಒಂದು ತಟ್ಟೆಯಲ್ಲಿ ಮರಳು ಹರಡಿ ಕೊಡಿ. 'ವ' ಬರೆದು, ಬೆರಳನ್ನು ಎತ್ತದೆ ಬಲಕ್ಕೆ ಒಂದು ಬಾಲ ಎಳೆಯಲಿ. ಅಳಿಸಿ ಮತ್ತೆ ಬರೆಯಲಿ. ನೀವು ಕೈ ಹಿಡಿದು ತಿದ್ದಿಸಬೇಡಿ.