ಚೌತಿಗೆ ಮುಂಚೆ ಚಿರೆಕಲ್ಲಿನ ಗೋಡೆಗೆ ಬಣ್ಣ ಬೇಡ

ಹಳೇ ಮನೆಯನ್ನು ಕೆಡವದೆ ಉಳಿಸಿಕೊಳ್ಳುವವರನ್ನು ಕಂಡರೆ ನನಗೆ ತುಂಬಾ ಪ್ರೀತಿ. ಜಗಲಿಯ ಕಂಬ ಉಜ್ಜಿ ಎಣ್ಣೆ ಹಚ್ಚಿದ ಫೋಟೋ, ಮೆತ್ತಿನ ಮೇಲೆ ಸಿಕ್ಕಿದ ಅಜ್ಜನ ಪೆಟ್ಟಿಗೆಯ ಫೋಟೋ, ಎಲ್ಲವನ್ನೂ ಕಳಿಸುತ್ತಾರೆ. ನಾನು ಒಂದೊಂದನ್ನೂ ದೊಡ್ಡದು ಮಾಡಿ ನೋಡುತ್ತೇನೆ. ಕೆಲವರು ಮಾಡಿನಿಂದ ಇಳಿಸಿದ ಬಾಸೆಲ್ ಮಿಶನ್ ಹಂಚು ಹಿಡಿದು, ಮೇಲಿನ 1865 ತೋರಿಸಿ, ‘ನಮ್ಮ ಮನೆ ಅಷ್ಟು ಹಳೇದು’ ಅನ್ನುತ್ತಾರೆ. ಅದು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಮನೆಯ ವರ್ಷ ಅಲ್ಲ. ಆದರೂ ಆ ಹಂಚನ್ನು ಎಸೆಯದೆ ತೊಳೆದು ಇಟ್ಟುಕೊಂಡರಲ್ಲ, ಅದೇ ದೊಡ್ಡದು.

ಇಂಥವರೇ ಆಮೇಲೆ ಒಂದು ಕೆಲಸ ಮಾಡಿಬಿಡುತ್ತಾರೆ. ಅಲ್ಲಿ ನನ್ನ ತಾಳ್ಮೆ ತಪ್ಪುತ್ತದೆ. ಚಿರೆಕಲ್ಲಿನ, ಅಂದರೆ ನಮ್ಮ ಕರಾವಳಿಯ ಕೆಂಪು ಕಲ್ಲಿನ (ಲ್ಯಾಟರೈಟ್) ಗೋಡೆಗೆ ಸಿಮೆಂಟ್ ಗಾರೆ, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್. ಅದೂ ಯಾವಾಗ? ಚೌತಿಗೆ ಹದಿನೈದು ದಿನ ಇರುವಾಗ. ಮುಂಬೈ, ಬೆಂಗಳೂರಿನಿಂದ ಎಲ್ಲರೂ ಬರುತ್ತಾರೆ, ಅಷ್ಟರೊಳಗೆ ಮನೆ ಹೊಸದಾಗಬೇಕು. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚೌತಿಯ ಹೊತ್ತಿಗೆ ಗೋಡೆ ಹೊಟ್ಟೆ ತುಂಬಾ ನೀರು ಕುಡಿದು ನಿಂತಿರುತ್ತದೆ. ಆಗಲೇ ಅದರ ಬಾಯಿ ಮುಚ್ಚುತ್ತೇವೆ.

ಎಲ್ಲರೂ ಕೇಳುವ ಪ್ರಶ್ನೆ ಒಂದೇ. ‘ನೀರು ಒಳಗೆ ಬರದ ಹಾಗೆ ಮಾಡೋಕೇ ತಾನೇ ಸಾರ್ ಸಿಮೆಂಟ್ ಹಾಕೋದು?’ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪು ತಿಳಿವಳಿಕೆ ಇರುವುದೇ ಇಲ್ಲಿ.

ಚಿರೆಕಲ್ಲಿನ ಮೈಯೆಲ್ಲ ತೂತು. ಕಲ್ಲು ಕಲ್ಲಿನ ನಡುವೆ ಇರುವುದು ಮಣ್ಣು ಅಥವಾ ಚಿಪ್ಪಿನ ಸುಣ್ಣ. ನೆಲದ ತೇವ ಬುಡದಿಂದ ಮೇಲೆ ಏರುತ್ತದೆ, ಕೆಲವೊಮ್ಮೆ ಸೊಂಟದ ಮಟ್ಟದವರೆಗೂ. ಒಡೆದ ಹಂಚಿನಿಂದ ನೀರು ಗೋಡೆಯ ತಲೆಗೆ ಇಳಿಯುತ್ತದೆ. ಪಡುಗಡೆಯ ಗೋಡೆಗೆ ಎರಚಲು ಬಡಿಯುತ್ತದೆ. ಒಳಗೆ ಬಚ್ಚಲು, ಅಡುಗೆಮನೆಯ ಹಬೆ ಬೇರೆ. ಸಿಮೆಂಟ್ ಗಾರೆ ಇದರಲ್ಲಿ ಎರಚಲನ್ನು ಮಾತ್ರ ತಡೆಯುತ್ತದೆ, ಅದನ್ನೂ ಎರಡು ಮೂರು ವರ್ಷ. ಆಮೇಲೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ಹಳೇ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತಿತ್ತು, ಬೇಸಿಗೆಯಲ್ಲಿ ಒಣಗುತ್ತಿತ್ತು. ನೂರು ವರ್ಷ ಅದು ನಿಂತದ್ದು ಒದ್ದೆಯಾಗದೆ ಅಲ್ಲ, ಪ್ರತಿ ಬೇಸಿಗೆಯಲ್ಲೂ ಒಣಗಿದ್ದರಿಂದ. ನಾವು ಒದ್ದೆಯಾಗುವುದನ್ನು ನಿಲ್ಲಿಸಲಿಲ್ಲ. ಒಣಗುವುದನ್ನು ನಿಲ್ಲಿಸಿದೆವು.

ನೀರಿನ ಜೊತೆ ಉಪ್ಪು ಬರುತ್ತದೆ. ಸಮುದ್ರದ ಹತ್ತಿರದ ಮನೆಗಳಲ್ಲಂತೂ ಜಾಸ್ತಿ. ನೀರು ಆರಿದ ಜಾಗದಲ್ಲಿ ಉಪ್ಪು ಹರಳುಗಟ್ಟಿ, ಉಬ್ಬಿ, ಗಾರೆಯನ್ನು ಒಳಗಿನಿಂದ ತಳ್ಳುತ್ತದೆ. ಪೇಂಟ್ ಕಂಪನಿ ಬದಲಿಸಿದರೆ ಇದು ನಿಲ್ಲುವುದಿಲ್ಲ. ಇನ್ನೂ ಕೆಟ್ಟದ್ದು ಕಣ್ಣಿಗೆ ಕಾಣದ ಕಡೆ ಆಗುತ್ತದೆ. ಗೋಡೆಯೊಳಗೆ ಕೂತ ತೊಲೆಯ ತುದಿ ಸದಾ ತೇವದಲ್ಲಿದ್ದು ಮೆತ್ತಗಾಗುತ್ತದೆ, ಒರಲೆ ಹಿಡಿಯುತ್ತದೆ. ಹೊರಗೆ ಕಾಣುವ ತೊಲೆಗೆ ಪಾಲಿಶ್ ಹೊಡೆದು ಹೊಳೆಯಿಸಿರುತ್ತಾರೆ. ತುದಿಗೆ ಸ್ಕ್ರೂಡ್ರೈವರ್ ಒತ್ತಿದರೆ ಅರ್ಧ ಬೆರಳು ಒಳಗೆ ಹೋಗುತ್ತದೆ.

ಅಂಕೋಲಾ ಕಡೆ ನಿವೃತ್ತರಾದ ಒಬ್ಬ ಅಕ್ಕೋರು (ಶಾಲೆಯ ಟೀಚರ್) ಇದ್ದಾರೆ. ಪಿಂಚಣಿ ದುಡ್ಡು ಕೂಡಿಸಿ ಅತ್ತೆಮನೆ ರಿಪೇರಿ ಮಾಡಿಸಿದರು. ಪಡಸಾಲೆಯ ಗೋಡೆಗೆ ಒಳ್ಳೇ ಇಟ್ಟಿಗೆ ಬಣ್ಣ, ಅದರ ಮೇಲೆ ಹಿತ್ತಾಳೆ ತಟ್ಟೆಗಳು. ನಿಜಕ್ಕೂ ಚಂದ ಇತ್ತು. ಮರುವರ್ಷ ಆಷಾಢದಲ್ಲಿ ಫೋನ್ ಬಂತು. ಹೋಗಿ ನೋಡಿದರೆ ಬಣ್ಣ ಕರಿದ ಹಪ್ಪಳದ ಹಾಗೆ ಉಬ್ಬಿ ನಿಂತಿತ್ತು. ಚುಚ್ಚಿದರೆ ಒಳಗಿನಿಂದ ಬಿಳಿ ಹುಡಿ ಉದುರುತ್ತಿತ್ತು. ಒಳಗೆ ಮಂಚದ ಮೇಲಿದ್ದ ಅವರ ಅತ್ತೆ ಕರೆದು ಹೇಳಿದರು: ‘ತಮಾ, ನಾವು ವರ್ಷಾ ಸುಣ್ಣ ಹಚ್ತಿದ್ವಿ. ಗೋಡೆ ಹೀಗೆ ಯಾವತ್ತೂ ಮಾಡಿರ್ಲಿಲ್ಲ.’ ನಾನು ಒಂದು ತಾಸಿನಲ್ಲಿ ಹೇಳಬೇಕೆಂದಿದ್ದನ್ನು ಆ ಅಮ್ಮ ಎರಡು ಮಾತಿನಲ್ಲಿ ಹೇಳಿ ಮುಗಿಸಿದರು.

ಪುಟ್ಟಿ ಕೆರೆಯುವಾಗ ಬಾಗಿಲ ಮೇಲೆ ಕೆಂಪು ಗೆರೆ ಕಂಡಿತು. ಕೆಲಸ ನಿಲ್ಲಿಸಿ ಕೈಯಲ್ಲೇ ಬಿಡಿಸುತ್ತಾ ಹೋದೆವು. ಕಾವಿ ಚಿತ್ರದ ಪಟ್ಟಿ, ಬಳ್ಳಿ ಮತ್ತು ಹೂವು. ಹಸಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಆರುವ ಮುಂಚೆ ಕೆರೆದು ಒಳಗಿನ ಬಿಳಿ ತೋರಿಸುವ ಕೆಲಸ ಅದು. ಪೇಂಟರ್ ಹುಡುಗರು ‘ಹಳೇ ಕೊಳೆ’ ಅಂದುಕೊಂಡು ಮುಚ್ಚಿದ್ದರು. ದಯವಿಟ್ಟು ಹಳೇ ಗೋಡೆಗೆ ಸ್ಯಾಂಡ್‌ಪೇಪರ್ ಹಾಕುವ ಮುಂಚೆ ಬಾಗಿಲ ಸುತ್ತ, ದೇವರ ಕೋಣೆಯ ಸುತ್ತ ಟಾರ್ಚ್ ಹಿಡಿದು ಒಮ್ಮೆ ನೋಡಿ.

ಗೋಡೆಯೊಳಗೆ ತೇವ ಇದೆಯೋ ಎಂದು ನೀವೇ ನೋಡಬಹುದು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮುಖದಲ್ಲಿ ಹನಿ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಯ ಮುಖ ಮಾತ್ರ ಒದ್ದೆ ಇದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದರೆ ಅರ್ಧ ಸರಿಹೋಗುತ್ತದೆ. ಇದು ಪಕ್ಕಾ ಅಳತೆ ಅಲ್ಲ, ಆದರೆ ಪೇಂಟರ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇಷ್ಟು ನೋಡಿದರೂ ಸಾಕು.

ರಿಪೇರಿಯನ್ನು ಗೋಡೆಯಿಂದ ಶುರು ಮಾಡಬೇಡಿ. ಹಂಚು, ಮಾಡಿನ ನೀರು ಬೀಳುವ ಜಾಗ, ಅಂಗಳ, ಇವು ಮೊದಲು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿ ನೆಲವನ್ನು ಅರ್ಧ ಅಡಿ ಎತ್ತರಿಸಿದ ಮನೆಗಳಲ್ಲಿ ನೀರು ಸೀದಾ ಗೋಡೆಯ ಬುಡಕ್ಕೆ ಹರಿಯುತ್ತದೆ. ಸುತ್ತ ಒಂದು ಗಟಾರ ತೆಗೆಸಿದರೆ ಎಷ್ಟೋ ಗೋಡೆ ತಾನಾಗಿ ಸುಧಾರಿಸುತ್ತದೆ. ಎರಚಲಿಗೆ ಹಿಂದಿನವರು ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ಸೋಗೆ ಬೇಡವೆಂದರೆ ಮಾಡನ್ನೇ ಎರಡು ಅಡಿ ಮುಂದೆ ಚಾಚಿ.

ಆಮೇಲೆ ಸುಣ್ಣದ ಗಾರೆ. ಸುಣ್ಣ ನೀರಿನಲ್ಲಿ ಎರಡು ಮೂರು ವಾರವಾದರೂ ನೆನೆದಿರಬೇಕು, ಜಾಸ್ತಿ ಆದಷ್ಟೂ ಒಳ್ಳೆಯದು. ಉಪ್ಪಿನ ಅಂಶ ಇರುವ ಮರಳು ಬೇಡವೇ ಬೇಡ. ಗಾರೆ ತೆಳುವಾಗಿರಲಿ, ಬಿಸಿಲು ಬಡಿಯದ ಹಾಗೆ ಒದ್ದೆ ಗೋಣಿ ಇಳಿಬಿಡಿ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ, ಅದಕ್ಕೆ ಸಮಯ ಬೇಕು. ‘ಸ್ವಲ್ಪ ಸಿಮೆಂಟ್ ಬೆರೆಸಿದರೆ ಬೇಗ ಗಟ್ಟಿ ಆಗುತ್ತೆ’ ಎಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ಬಿಟ್ಟ ತಪ್ಪನ್ನೇ ಮತ್ತೆ ಮಾಡಿದ ಹಾಗಾಗುತ್ತದೆ.

ಎಲ್ಲಾ ಮನೆಗೂ ಇದೇ ಔಷಧಿ ಎಂದು ಹೇಳುತ್ತಿಲ್ಲ. ಸಿಮೆಂಟಿನಲ್ಲೇ ಕಟ್ಟಿದ ಈಚಿನ ಮನೆಗಳ ಲೆಕ್ಕ ಬೇರೆ. ಶಿರಸಿ ಕಡೆಯ ಮಣ್ಣಿನ ಗೋಡೆಗೆ ಬೇರೆ ಹದ ಬೇಕು. ಗೋಡೆ ಓಲಿದ್ದರೆ, ಬಿರುಕು ಮೂಲೆಯಿಂದ ಅಡ್ಡಡ್ಡ ಹೋಗಿದ್ದರೆ ಮೊದಲು ಯಾರಿಗಾದರೂ ಕಣ್ಣಾರೆ ತೋರಿಸಿ, ಫೋಟೋ ನೋಡಿ ಹೇಳುವ ಕೆಲಸ ಅಲ್ಲ. ಈಗಾಗಲೇ ಸಿಮೆಂಟ್ ಹಾಕಿಸಿದ್ದರೂ ಗಾಬರಿ ಬೇಡ. ಪೂರ್ತಿ ಒಮ್ಮೆಲೇ ಒಡೆಸಿದರೆ ಕಲ್ಲಿನ ಮೈಯೂ ಕಿತ್ತು ಬರುತ್ತದೆ. ಡಿಸೆಂಬರ್‌ನಲ್ಲಿ ಕೆಳಗಿನ ಮೂರು ಅಡಿ ಮಾತ್ರ ಉಳಿಯಿಂದ ನಿಧಾನವಾಗಿ ಬಿಡಿಸಿ, ಮಾರ್ಚ್‌ವರೆಗೆ ಗೋಡೆಯನ್ನು ಬರಿದಾಗಿ ಬಿಡಿ. ಸುಣ್ಣದ ಕೆಲಸವನ್ನು ಆಮೇಲೆ, ಮಳೆಗೆ ಎರಡು ತಿಂಗಳಾದರೂ ಇರುವಾಗ ಹಿಡಿಯಿರಿ.

ಚೌತಿಗೆ ಮನೆ ಚಂದ ಕಾಣಬೇಕು, ಅದನ್ನು ನಾನೂ ಒಪ್ಪುತ್ತೇನೆ. ಜಗಲಿ ತೊಳೆಯಿರಿ, ಬಾಗಿಲು ಒರೆಸಿ, ಗಣಪತಿಯ ಮೇಲೆ ಹಣ್ಣು ಕಾಯಿ ತೂಗುವ ಫಲಾವಳಿಯನ್ನು ಜೋರಾಗಿ ಕಟ್ಟಿ, ದೀಪ ಹಾಕಿ. ಗೋಡೆಯನ್ನು ಮಾತ್ರ ಮುಟ್ಟಬೇಡಿ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳು ಈಗ ಕಡಿಮೆ, ಬೇಸಿಗೆಯಲ್ಲಿ ಕೈಗೆ ಸಿಗುವುದಿಲ್ಲ. ದೀಪಾವಳಿಗೇ ಮಾತಾಡಿ ಇಟ್ಟುಕೊಳ್ಳಿ.