ಇಂಗ್ಲಿಷ್ ವಾಕ್ಯ ಪೂರ್ತಿಯಾಯ್ತಾ? ಕನ್ನಡದಲ್ಲೇ ಪರೀಕ್ಷೆ ಮಾಡಿ

ಮೈಸೂರು ಅರಮನೆ ಬಗ್ಗೆ ಇಂಗ್ಲಿಷಿನಲ್ಲಿ ಆರೇಳು ವಾಕ್ಯ ಬರೆಯಲು ಮೇಡಂ ಹೇಳಿದ್ದರು. ನಾಲ್ಕಕ್ಕೆ ಕೆಂಪು ಗೆರೆ ಬಿತ್ತು. ಸ್ಪೆಲಿಂಗ್ ಸರಿ, ಇಸವಿಯೂ ಸರಿ. ಪಕ್ಕದಲ್ಲಿ ಮಾತ್ರ "ಇದು ವಾಕ್ಯ ಅಲ್ಲ" ಅಂತ ಬರೆದಿದ್ದರು. ಮಂಡ್ಯಕ್ಕೆ ವಾಪಸ್ ಬರುವಾಗ ರೈಲಿನಲ್ಲಿ ಅದನ್ನೇ ನೋಡುತ್ತಾ ಕೂತಿದ್ದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲ ತಪ್ಪು ಸುಲಭದ್ದು. "ನಮ್ಮೂರು ಮಂಡ್ಯ" ಅಂದರೆ ಕನ್ನಡದಲ್ಲಿ ಮಾತು ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಇಂಗ್ಲಿಷಿಗೆ ಬೇಕೇ ಬೇಕು: "ಮೈ ಟೌನ್ ಈಸ್ ಮಂಡ್ಯ". "ನಿನ್ನೆ ಬಂದೆ" ಅಂದಾಗ ಬಂದದ್ದು ನಾನು ಅಂತ "ಬಂದೆ"ಯೇ ಹೇಳುತ್ತದೆ. "ಕೇಮ್" ಹೇಳುವುದಿಲ್ಲ, ಅದಕ್ಕೇ "ಐ" ಹಾಕಬೇಕು. ಮಳೆ ಬಂದರೂ "ಇಟ್ ಈಸ್ ರೈನಿಂಗ್". ಆ "ಇಟ್"ಗೆ ಅರ್ಥ ಹುಡುಕಬೇಡಿ. ಕರ್ತೃವಿನ ಜಾಗ ಖಾಲಿ ಇರಬಾರದು, ಅಷ್ಟೇ.

ಎರಡನೆಯದು: "ದಿ ಪ್ಯಾಲೇಸ್ ಶೈನಿಂಗ್ ಆನ್ ಸಂಡೇ ನೈಟ್ಸ್." ಇಲ್ಲಿ "ಇಂಗ್" ಇರುವ ಕಡೆ "ಉತ್ತಾ" ಹಾಕಿ ಓದಿ. "ಅರಮನೆ ಭಾನುವಾರ ರಾತ್ರಿ ಹೊಳೆಯುತ್ತಾ..." ಆಮೇಲೆ? ಮುಗಿದಿಲ್ಲ ಅಲ್ವಾ? ಪ್ರತಿ ವಾರದ ಮಾತಾದ್ದರಿಂದ "ಶೈನ್ಸ್" ಸರಿ.

ಈಗ ನನ್ನನ್ನು ಜಾಸ್ತಿ ಕಾಡಿದ್ದು, "ಬಿಕಾಸ್". ನಾನು ಬರೆದದ್ದು ಹೀಗೆ: "ದೇ ಬಿಲ್ಟ್ ಎ ನ್ಯೂ ಪ್ಯಾಲೇಸ್. ಬಿಕಾಸ್ ದಿ ಓಲ್ಡ್ ವುಡನ್ ಪ್ಯಾಲೇಸ್ ಬರ್ನ್ಟ್ ಡೌನ್ ಇನ್ 1897." ಎರಡನೆಯದರಲ್ಲಿ ಕರ್ತೃ ಇದೆ, ಕ್ರಿಯಾಪದ ಇದೆ. ಮತ್ತೆ ಯಾಕೆ ತಪ್ಪು? ಕನ್ನಡದಲ್ಲಿ "ಯಾಕಂದ್ರೆ ಹಳೇ ಅರಮನೆ ಸುಟ್ಟುಹೋಯ್ತು" ಅಂತ ಬೇರೆ ವಾಕ್ಯವಾಗಿ ಧಾರಾಳವಾಗಿ ಬರೆಯುತ್ತೇವೆ. ನಾನು ಎಡವಿದ್ದು ಇಲ್ಲೇ. "ಬಿಕಾಸ್" ಅಂದರೆ "ಯಾಕಂದ್ರೆ" ಅಂತ ಕಲಿತಿದ್ದೆ. ಅದನ್ನು ಬಿಟ್ಟು "ಸುಟ್ಟುಹೋದದ್ದರಿಂದ" ಅಂತ ಓದಿದೆ. "ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದರಿಂದ." ಇಲ್ಲಿ ಫುಲ್‌ಸ್ಟಾಪ್ ಇಟ್ಟರೆ ಕೇಳುವವರು "ಹೂಂ, ಆದ್ದರಿಂದ ಏನಾಯ್ತು?" ಅಂತ ಕಾಯುತ್ತಾರೆ. ಇಂಗ್ಲಿಷ್ ಓದುವವರಿಗೂ ಹಾಗೇ ಆಗುತ್ತದೆ.

ಈ ಉಪಾಯ "ಬಿಕಾಸ್" ಒಂದಕ್ಕೇ ಅಲ್ಲ. "ವೆನ್" ಬಂದರೆ "ಸುಟ್ಟಾಗ", "ಇಫ್" ಬಂದರೆ "ಸುಟ್ಟರೆ", "ಆಲ್ದೋ" ಬಂದರೆ "ಸುಟ್ಟರೂ". ಇಂಗ್ಲಿಷಿನಲ್ಲಿ ಈ ಕೆಲಸ ಮಾಡುವ ಪದ ಮುಂದೆ ಬೇರೆಯಾಗಿ ನಿಲ್ಲುತ್ತದೆ. ನಮ್ಮಲ್ಲಿ ಅದು ಕ್ರಿಯಾಪದದ ಬಾಲಕ್ಕೇ ಅಂಟಿಕೊಂಡಿರುತ್ತದೆ. "ವೆನ್ ದಿ ಟ್ರೈನ್ ರೀಚ್ಡ್ ಪಾಂಡವಪುರ" ಅಂದರೆ "ರೈಲು ಪಾಂಡವಪುರಕ್ಕೆ ಬಂದಾಗ". ಮುಗಿದಿಲ್ಲ ಅಂತ ಕಿವಿಗೇ ಗೊತ್ತಾಗುತ್ತದೆ. ನಿಯಮ ಬಾಯಿಪಾಠ ಮಾಡುವುದಕ್ಕಿಂತ ಇದು ನನಗೆ ಎಷ್ಟೋ ಮೇಲು ಅನ್ನಿಸಿತು.

"ಬಿಕಾಸ್" ಇಂದ ವಾಕ್ಯ ಶುರು ಮಾಡಲೇಬಾರದು ಅಂತ ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಉಳಿದ ಅರ್ಧವನ್ನೂ ಅದೇ ವಾಕ್ಯದಲ್ಲಿ ಬರೆದರೆ ಸಾಕು: "ಬಿಕಾಸ್ ದಿ ಓಲ್ಡ್ ಪ್ಯಾಲೇಸ್ ಬರ್ನ್ಟ್ ಡೌನ್, ದೇ ಬಿಲ್ಟ್ ಎ ನ್ಯೂ ಒನ್." "ಆಲ್ದೋ" ಹಾಕಿದ ಮೇಲೆ ಮಾತ್ರ "ಬಟ್" ಬೇಡ. "ಸುಟ್ಟರೂ ಆದರೆ ಕಟ್ಟಿದರು" ಅಂತ ನಾವು ಯಾರೂ ಅನ್ನುವುದಿಲ್ಲವಲ್ಲ.

ಕೊನೆಯ ಕೆಂಪು ಗೆರೆ ಕಾಮಾದ್ದು. "ಹೆನ್ರಿ ಇರ್ವಿನ್ ಡಿಸೈನ್ಡ್ ದಿ ನ್ಯೂ ಪ್ಯಾಲೇಸ್, ಇಟ್ ವಾಸ್ ಕಂಪ್ಲೀಟೆಡ್ ಇನ್ 1912." ಎರಡೂ ಪೂರ್ತಿ ವಾಕ್ಯಗಳು. ಬರೀ ಕಾಮಾ ಅವನ್ನು ಜೋಡಿಸಲಾರದು. ನಾನು ಕಾಮಾ ಹಾಗೇ ಬಿಟ್ಟು, ಅದಾದ ಮೇಲೆ "ಆಂಡ್" ಸೇರಿಸಿದೆ. ಫುಲ್‌ಸ್ಟಾಪ್ ಇಟ್ಟರೂ ಆಗುತ್ತದೆ, ಸೆಮಿಕೋಲನ್ ಆದರೂ ಸರಿ.