ಡಿಯುಐ ಕ್ಲಾಸ್‌ಗೆ ಹೋದ್ರೆ ಜೈಲು ತಪ್ಪುತ್ತಾ?

ಕ್ಯಾಲಿಫೋರ್ನಿಯಾದಲ್ಲಿ ಕುಡಿದು ಗಾಡಿ ಓಡಿಸಿ (ಡಿಯುಐ ಅಂದ್ರೆ ಇದೇ) ಸಿಕ್ಕಿಬಿದ್ದವರಿಗೆ ಕ್ಲಾಸ್ ತಗೊಳ್ಳೋ ಕೌನ್ಸೆಲರ್ ನಾನು. ನಮ್ಮ ಕನ್ನಡದೋರು ಫೋನ್ ಮಾಡಿ ಮೊದ್ಲು ಕೇಳೋದೇ ಇದು, ಕ್ಲಾಸ್ ಮುಗಿಸಿದ್ರೆ ಜೈಲಿಲ್ಲ ಅಲ್ವಾ ಅಂತ. ಮೊದಲನೇ ಸಲ, ಯಾರಿಗೂ ಏಟಾಗಿಲ್ಲ ಅಂದ್ರೆ ಸಾಮಾನ್ಯವಾಗಿ ಜಡ್ಜ್ ಪ್ರೊಬೇಷನ್ ಕೊಟ್ಟು, ಅಂದ್ರೆ ಷರತ್ತಿನ ಮೇಲೆ ಹೊರಗೆ ಬಿಟ್ಟು, ಕ್ಲಾಸ್‌ಗೆ ಕಳಿಸ್ತಾರೆ, ಆದ್ರೆ ಕಾನೂನಲ್ಲಿ 6 ತಿಂಗಳವರೆಗೆ ಜೈಲು ಇದ್ದೇ ಇದೆ, ಕ್ಲಾಸ್‌ಗೆ ಚಕ್ಕರ್ ಹೊಡೆದ್ರೆ ಮತ್ತೆ ಕೋರ್ಟ್ ಮುಂದೆ ನಿಲ್ಬೇಕು.

ಮೊದಲ ಸಲದವರಿಗೆ ಕ್ಲಾಸ್ 3 ತಿಂಗಳು, 30 ಗಂಟೆ. ರಕ್ತದಲ್ಲಿ ಆಲ್ಕೋಹಾಲ್ ಲಿಮಿಟ್ ಶೇಕಡ 0.08, ಅದು 0.20 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ 9 ತಿಂಗಳು. ಎರಡನೇ ಸಲ ಆದ್ರೆ 18 ತಿಂಗಳು, ಜೊತೆಗೆ ಜೈಲೂ ಉಂಟು. ಫೀಸು ನಿಮ್ಮ ಜೇಬಿಂದಲೇ.

ಮೊದಲ ದಿನ ಎಲ್ಲರೂ ಹೇಳೋದು "ಎರಡೇ ಬಿಯರ್ ಸಾರ್". ಸರಿ, ಲೆಕ್ಕ ಹಾಕೋಣ ಅಂತೀನಿ. ಶೇಕಡ 5ರ 12 ಔನ್ಸ್ ಬಿಯರ್ ಅಂದ್ರೆ ಒಂದು ಡ್ರಿಂಕ್, ಅದನ್ನ ಕರಗಿಸೋಕೆ ಲಿವರ್‌ಗೆ ಹೆಚ್ಚುಕಮ್ಮಿ ಒಂದು ಗಂಟೆ ಬೇಕು. ನೀವು ಕುಡಿದಿದ್ದು ಶೇಕಡ 8ರ ಐಪಿಎ ಅನ್ನೋ ಸ್ಟ್ರಾಂಗ್ ಬಿಯರ್, 16 ಔನ್ಸಿನ ಗ್ಲಾಸು, ಅಲ್ಲಿಗೆ ಎರಡು ಗ್ಲಾಸು ನಾಲ್ಕು ಡ್ರಿಂಕ್ ದಾಟ್ತು. ರಾತ್ರಿ 1 ಗಂಟೆಗೆ 0.18 ಇದ್ದೋನು ಬೆಳಗ್ಗೆ 7ಕ್ಕೆ ಎದ್ದು ಆಫೀಸಿಗೆ ಹೊರಟ್ರೂ 0.09 ಹತ್ರ ಇರ್ತಾನೆ, ಸ್ನಾನ ಆಗಿದೆ, ಫಿಲ್ಟರ್ ಕಾಫಿ ಆಗಿದೆ, ಆದ್ರೂ ಲೆಕ್ಕದ ಪ್ರಕಾರ ಲಿಮಿಟ್ ಮೇಲೇನೇ. ಇದನ್ನ ಬೋರ್ಡ್ ಮೇಲೆ ಬರೆದಾಗ ಕ್ಲಾಸು ಗಪ್‌ಚುಪ್.

ಆದ್ರೆ ಈ ಲೆಕ್ಕ ಒಂದು ದಿನದಲ್ಲೂ ಹೇಳಿಕೊಡಬಹುದು. ಮತ್ಯಾಕೆ 3 ತಿಂಗಳು? ಯಾಕಂದ್ರೆ ನಡುವೆ ಹನ್ನೆರಡು ವೀಕೆಂಡ್ ಬರುತ್ತೆ, ಪ್ರತಿ ವಾರ ಬಂದು ಹೋದ ಶನಿವಾರ ಏನು ಮಾಡಿದೆ ಅಂತ ಹತ್ತು ಜನರ ಮುಂದೆ ಹೇಳ್ಬೇಕು. 2024ರಲ್ಲಿ ಪುಣೆಯ ಪೋರ್ಷೆ ಕೇಸಲ್ಲಿ ಇಬ್ಬರು ಸತ್ತ ಮೇಲೆ ಹುಡುಗನಿಗೆ 300 ಪದದ ಪ್ರಬಂಧ ಬರಿ ಅಂತ ಹೇಳಿ ಜಾಮೀನು ಕೊಟ್ರಲ್ಲ, ಜನ ಉಗಿದಿದ್ದು ನ್ಯಾಯವಾಗೇ ಇತ್ತು, ಪ್ರಬಂಧಕ್ಕೆ ಶನಿವಾರ ಬರಲ್ಲ. ನನ್ನ ಕ್ಲಾಸಲ್ಲಿ ಕುಡಿಯೋದು ಬಿಡಿ ಅಂತ ಎಲ್ಲರಿಗೂ ಹೇಳಲ್ಲ, ಕೆಲವರಿಗೆ ಹೇಳಲೇಬೇಕಾಗುತ್ತೆ ಅದು ಬೇರೆ. ಮನೇಲಿ ಕೀ ಬಿಟ್ಟು ಹೊರಡಿ ಅಂತೀನಿ, ಮೊದಲ ಗ್ಲಾಸ್ ಆದ್ಮೇಲೆ ತಗೊಳ್ಳೋ ತೀರ್ಮಾನಕ್ಕೆ ಬೆಲೆ ಇಲ್ಲ.

ಇನ್ನೊಂದು, ಎಚ್1ಬಿ ಕೆಲಸದ ವೀಸಾದಲ್ಲಿ ಇರೋರು ಕೇಳಿಸ್ಕೊಳ್ಳಿ. ಕೋರ್ಟಲ್ಲಿ ಏನಾದ್ರೂ ಆಗ್ಲಿ, ಬರೀ ಅರೆಸ್ಟ್ ಆಗಿದ್ರೂ ವೀಸಾ ಸ್ಟಾಂಪ್ ರದ್ದಾಗಬಹುದು, ನನ್ನ ಸರ್ಟಿಫಿಕೇಟ್ ಅಲ್ಲಿ ನಡೆಯಲ್ಲ. ಅದಕ್ಕೆ ಇಮಿಗ್ರೇಷನ್ ಲಾಯರ್ ಹತ್ರ ಹೋಗಿ.